ಎರಡನೇ ನಮೂದು

ಫೆಬ್ರವರಿ 14, 2005. ಸೋಮವಾರ

ಒಂಬತ್ತು ಸಾವು, ನಾಲ್ಕು ಜನನ. ಸೋಮವಾರ ಯಾವಾಗಲೂ ಹೀಗೆಯೇ. ಶನಿವಾರದಿಂದ ಸತ್ತವರೆಲ್ಲ ಒಟ್ಟಿಗೆ ಬಂದು ನನ್ನ ಟೇಬಲ್ ಮುಂದೆ ನಿಲ್ಲುತ್ತಾರೆ — ಅಂದರೆ ಅವರ ಪರವಾಗಿ ಅಳಿಯಂದಿರು. ಒಂಬತ್ತರಲ್ಲಿ ಮೂರು ಲಾರಿ ಕೇಸು. ಮೊದಲೆಲ್ಲ ವರ್ಷಕ್ಕೆ ಮೂರು ಬರುತ್ತಿದ್ದವು.

ಎರಡು ಸಲ ಟೇಬಲ್ ಒರೆಸಿದೆ. ಹನ್ನೊಂದಕ್ಕೆ ಮತ್ತೆ ಅದಿರಿನ ಕೆಂಪು ಧೂಳು. ರಿಜಿಸ್ಟರಿನ ಅಂಚೂ ಕೆಂಪು. ಸಂಡೂರಿನ ಗುಡ್ಡ ಚೀನಾಕ್ಕೆ ಹೋಗುವ ದಾರಿಯಲ್ಲಿ ನನ್ನ ಶರ್ಟಿನ ಮೇಲೂ ಸ್ವಲ್ಪ ಕೂತು ಹೋಗುತ್ತದೆ.

ಒಬ್ಬ ಬಂದಿದ್ದ. ಬಿಳಿ ಪ್ಯಾಂಟು, ಕೈಯಲ್ಲಿ ಎರಡು ಮೊಬೈಲು. ದೊಡ್ಡಪ್ಪನ ಡೆತ್ ಸರ್ಟಿಫಿಕೇಟ್ ಬೇಕಂತೆ. ಯಾವಾಗ ತೀರಿಕೊಂಡರು ಅಂದೆ.

"ಇನ್ನಾ ಇಲ್ರಿ. ಐಸಿಯುದಾಗ ಅದಾನ. ಡಾಕ್ಟ್ರು ಎಲ್ಡ್ ದಿನ ಅಂದಾರ. ಹೊಲ ಮೈನಿಂಗ್‌ನೋರಿಗೆ ಲೀಸ್ ಕೊಡೋದೈತ್ರಿ, ಪಾರ್ಟಿ ಕಾಯವಲ್ರು."

"ಮೊದ್ಲು ಸಾಯ್ಲಿ. ಆಮ್ಯಾಲ ಬಾ," ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬದುಕಿದ್ದವರನ್ನು ಸತ್ತರೆಂದು ಒಬ್ಬರನ್ನೂ ಬರೆದಿಲ್ಲ. ಈ ನೌಕರಿಯಲ್ಲಿ ಹೆಮ್ಮೆಪಡುವಂಥದ್ದು ಅದೊಂದೇ.

ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದೆ — ಇನ್ನು ಐದೇ ತಿಂಗಳು, ರಿಟೈರ್. ಅವ್ವ ಎಲೆ-ಅಡಿಕೆ ಕುಟ್ಟುತ್ತಿದ್ದಳು. ತೊಂಬತ್ತು ವರ್ಷ. ಹಲ್ಲಿಲ್ಲ, ಕಿವಿ ಮಾತ್ರ ನನಗಿಂತ ಚುರುಕು.

"ಊರ ಮಂದಿ ಸಾವೆಲ್ಲ ಬರ್ದಿ ನೀ. ನಮ್ಮಪ್ಪನ ಸಾವೊಂದು ಹುಡುಕ್ಲಿಲ್ಲ ನೋಡು."

ಬೈದ ಹಾಗೆ ಹೇಳಲಿಲ್ಲ. ಉಪ್ಪು ತರೋದು ಮರೆತಿ ಅಂದ ಹಾಗೆ ಹೇಳಿದಳು. ಆಮೇಲೆ ಇನ್ನೆರಡು ಏಟು ಕುಟ್ಟಿ —

"ಸತ್ತು ಬರ್ಲಿಲ್ಲೋ, ಬಿಟ್ಟು ಹೋಗಿ ಬರ್ಲಿಲ್ಲೋ. ಅಷ್ಟ ತಿಳಿದ್ರ ಸಾಕು. ತಿಳೀದ ಹೆಂಗ್ ಹೋಗ್ಲಿ ಅಂಜಿನಿ?"

ಊಟ ಸೇರಲಿಲ್ಲ. ಹೆಂಡತಿ ಜಂಬಮ್ಮ ಕೇಳಿದಳು, ಆಫೀಸಿನಲ್ಲಿ ಏನಾದರೂ ಆಯಿತೇ ಅಂತ. ಇಲ್ಲ ಅಂದೆ.

ಫೆಬ್ರವರಿ 15

ಗೊತ್ತಿರುವಷ್ಟನ್ನು ಬರೆದಿಡುತ್ತೇನೆ. ಫೈಲ್ ಮಾಡುವ ಚಟ.

ಅವ್ವ ವಿರುಪಮ್ಮ, 1914ರಲ್ಲಿ ಹುಟ್ಟಿದವಳು. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಗಾಳೆಮ್ಮ. ಕಂಪ್ಲಿಯವಳು. ಅಜ್ಜಿಯ ಅಪ್ಪ ಉಚ್ಚೆಂಗಪ್ಪ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಹದಿನೆಂಟಕ್ಕೆ ಅಜ್ಜಿ ಚಿಕ್ಕಮ್ಮನ ಜೊತೆ ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋದಳು. ಅಲ್ಲಿ ಒಂದು ವಿಲಾಯತಿ ಕಂಪನಿ, ಅದರಲ್ಲಿ ಗುಡ್ಡ ಅಳೆಯುವ ಒಬ್ಬ ದೊರೆ. ಎಲ್ಲರೂ ಅವನನ್ನು ಅಳತೆ ದೊರೆ ಅಂತಲೇ ಕರೆಯುತ್ತಿದ್ದರಂತೆ. ಇಂಗ್ಲಿಷಿನವನಲ್ಲ, ಹಾಲೆಂಡಿನವನು. ಕ್ಯಾಂಪಿನ ಬೇವಿನ ಮರದ ಕೆಳಗೆ ಅಜ್ಜಿಗೆ ತಾಳಿ ಕಟ್ಟಿದ. ಅವ್ವ ಹುಟ್ಟಿದಳು. ಯುದ್ಧ ಬಂತು, ಕಂಪನಿ ಮುಚ್ಚಿತು. 1916ರಲ್ಲಿ ದೊರೆ ಬೇರೆ ಕೆಲಸ ಹಿಡಿದು ಜಾವಾ ಕಡೆ ಹೋದ. ಕರೆಸಿಕೊಳ್ಳುತ್ತೇನೆ ಅಂದಿದ್ದ. ಆಮೇಲೆ ಹಡಗಿನಲ್ಲಿ ಸತ್ತ ಅಂತ ಸುದ್ದಿ ಬಂತು. ಇದು ಮನೆಯವರ ಮಾತು. ಊರವರ ಮಾತು ಬೇರೆ — ಓಡಿಹೋದ.

ಸಾಕ್ಷಿ ಎರಡು. ಒಂದು, ಅವ್ವನ ಬೆಕ್ಕಿನ ಕಣ್ಣು. ಎರಡು, ಅವ್ವ ಅಡಿಕೆ ಕುಟ್ಟುವ ಹಿತ್ತಾಳೆ ಗುಂಡು. ಗೌಂಡಿಗಳು ಗೋಡೆ ನೆಟ್ಟಗಿದೆಯೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ಥರದ್ದು. ದೊರೆಯದು. ಅದರ ಕುತ್ತಿಗೆಯ ಸುತ್ತ ಇಂಗ್ಲಿಷ್ ಅಕ್ಷರದಲ್ಲಿ ಕೊರೆದಿದೆ: ಜಿ. ಹುಲ್ಸ್‌ಮನ್, ಜುಟ್ಫೆನ್. ತೊಂಬತ್ತು ವರ್ಷ ಅಡಿಕೆ ಕುಟ್ಟಿಯೂ ಅಳಿಸಿಲ್ಲ.

ಇನ್ನೊಂದು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಾಕುತ್ತೇವೆ. ಎಲ್ಲರ ಎಲೆ ದೇವರ ಮನೆಯಲ್ಲಿ. ದೊರೆಯ ಎಲೆ ಮಾತ್ರ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ, ಹೊರಗೆ. ನಮ್ಮ ಕುಲದವನಲ್ಲ ಅಂತ ಉಚ್ಚೆಂಗಪ್ಪ ಮಾಡಿದ ಕಟ್ಟಳೆ. ಹೋಳಿಗೆ ಜೊತೆಗೆ ಮಂಡಕ್ಕಿ ಒಗ್ಗರಣೆ, ಹಾಲು ಹಾಕದ ಚಹಾ. ಚಿಕ್ಕವನಿದ್ದಾಗ ಆ ಒಗ್ಗರಣೆಗೆ ಕಾಗೆಗಿಂತ ಮೊದಲು ನಾನೇ ಕೈಹಾಕಿ ಅಜ್ಜಿಯಿಂದ ಪೆಟ್ಟು ತಿಂದಿದ್ದೇನೆ.

ಫೆಬ್ರವರಿ 27, ಭಾನುವಾರ

ಹಂಪಿಗೆ ಹೋಗಿದ್ದೆ. ಅಚ್ಯುತನ ಇಂಟರ್ನೆಟ್ ಅಂಗಡಿ. ಅವನ ಜನನ ನಾನೇ ಬರೆದದ್ದು, '76ರಲ್ಲಿ. ಅದನ್ನು ಹೇಳಿದರೆ ಈಗಲೂ ಎದ್ದು ಕುರ್ಚಿ ಕೊಡುತ್ತಾನೆ.

"ಬರ್ರಿ ಅಂಜಿನಯ್ಯಾರ, ಕುಂದ್ರಿ. ಹಾಲೆಂಡಿನೋರು ಬೇಕೇನ್ರಿ? ಮ್ಯಾಲಿನ ರೂಮಿನಾಗ ಒಬ್ಬಾಕಿ ಮೇಡಮ್ ಅದಾಳ. ವರ್ಷಾ ಬರ್ತಾಳ, ಕಂಬ ನೋಡ್ಕೋತ ಚಿತ್ರ ಬರೀತಾಳ."

ಮಾರೈಕೆ ಅಂತ ಹೆಸರು. ಅರವತ್ತು ದಾಟಿದೆ. ಅಲ್ಲಿ ಸ್ಕೂಲ್ ಟೀಚರ್ ಆಗಿದ್ದವಳು. ನನ್ನ ಇಂಗ್ಲಿಷು ಆಫೀಸಿನ ಇಂಗ್ಲಿಷು — ವಿತ್ ರೆಫರೆನ್ಸ್ ಟು ದಿ ಅಬೌವ್. ಆದರೂ ನಡೆಯಿತು. ಗುಂಡನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದಿದ್ದೆ. ಅಕ್ಷರದ ಮೇಲೆ ಬೆರಳು ಆಡಿಸಿ ಓದಿದಳು. ಅಡಿಕೆ ವಾಸನೆ ಅಂತ ನಕ್ಕಳು. ಜುಟ್ಫೆನ್ ಒಂದು ಊರಂತೆ. ಅದೂ ಹೊಳೆ ದಂಡೆಯ ಊರೇ.

ಅವರ ದೇಶದಲ್ಲಿ ಇನ್ನೂರು ವರ್ಷದಿಂದ ಪ್ರತಿ ಸಾವನ್ನೂ ಊರ ಪುಸ್ತಕದಲ್ಲಿ ಬರೆಯುತ್ತಾರಂತೆ. ಸತ್ತವರ ಹೆಸರು, ವಯಸ್ಸು, ಯಾರ ಮಗ, ಯಾರ ಗಂಡ, ಬಂದು ಹೇಳಿದವರು ಯಾರು. ಐವತ್ತು ವರ್ಷ ಆದ ಮೇಲೆ ಯಾರು ಬೇಕಾದರೂ ನೋಡಬಹುದು. ಹೊರದೇಶದಲ್ಲಿ ಸತ್ತರೂ ಎಷ್ಟೋ ಸಲ ಒಂದು ನಕಲು ಊರಿಗೆ ಬರುತ್ತದಂತೆ. ನಮ್ಮ ಫಾರಮ್ಮೂ ಹೆಚ್ಚುಕಮ್ಮಿ ಇದೇ ಅಂದೆ. ಇಬ್ಬರೂ ಕಾಲಂ ಕಾಲಂ ಹೋಲಿಸುತ್ತ ಒಂದು ಗಂಟೆ ಕೂತೆವು. ಅಚ್ಯುತ ಆಕಳಿಸಿದ.

ಮೇ ತಿಂಗಳಲ್ಲಿ ಊರಿಗೆ ಹೋದ ಮೇಲೆ ಹುಡುಕುತ್ತೇನೆ ಅಂದಳು. ಮಾತು ಕೊಟ್ಟಳು ಅನ್ನುವಂತಿರಲಿಲ್ಲ, ಬರೆದುಕೊಂಡಳು. ನನಗೆ ಅದರ ಮೇಲೇ ನಂಬಿಕೆ.

ಅವ್ವನಿಗೆ ಏನೂ ಹೇಳಿಲ್ಲ.

ಮಾರ್ಚ್ 13, ಭಾನುವಾರ

ಕ್ಯಾಂಪಿನ ಜಾಗ ಒಮ್ಮೆ ತೋರಿಸು ಅಂತ ಅವ್ವನ ಹಟ. ಕಾರು ಮಾಡಿಕೊಂಡು ಸಂಡೂರಿಗೆ ಹೊರಟೆವು. ಹೋಗಲು ಒಂದು ಗಂಟೆಯ ದಾರಿ. ಮೂರೂವರೆ ಗಂಟೆ ಲಾರಿಗಳ ಹಿಂದೆ. ಗಿಡದ ಎಲೆಯೆಲ್ಲ ಕೆಂಪು, ನಾಯಿಯೂ ಕೆಂಪು. ಅವ್ವನ ಬಿಳಿ ಕೂದಲಿಗೂ ಬಣ್ಣ ಹತ್ತಿತು. ಹುಡುಗಿ ಆದಿ ನೋಡವ್ವ ಅಂದೆ. ಕನ್ನಡಿ ಕೇಳಿದಳು.

ಬಂಡ್ರಿ ಕಡೆ ತಿರುಗುವಲ್ಲಿ ಇಳಿಸಿದೆ. ಮುಂದೆ ಗೇಟು, ಬಿಡುವುದಿಲ್ಲ. ಅವ್ವ ಕೈ ಅಡ್ಡ ಹಿಡಿದು ನೋಡಿದಳು.

"ಗುಡ್ಡ ಎಲ್ಲೈತಿ?"

"ಇದೇ ಅವ್ವ."

"ಇದಲ್ಲ. ನಮ್ಮ ಗುಡ್ಡಕ್ಕ ತಲಿ ಇತ್ತು."

ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹಾಕಿದ್ದಾರೆ. ಬೇವಿನ ಮರ ಯಾವ ಲೋಡಿನಲ್ಲಿ ಹೋಯಿತೋ. ನಾನು ಏಳೆಂಟು ವರ್ಷದವನಿದ್ದಾಗ ಅಜ್ಜಿ ಇಲ್ಲಿಗೆ ಕರೆದುಕೊಂಡು ಬಂದಿದ್ದಳು. ಚಕ್ಕಡಿಯಲ್ಲಿ ಬಂದದ್ದು. ಆಗ ಇಲ್ಲೆಲ್ಲ ಸೀತಾಫಲದ ಗಿಡ. ಅಜ್ಜಿ ಆ ಮರದ ಕೆಳಗೆ ಕೂತು, ಕಲ್ಲು ಹೂಡಿ, ಸೊಪ್ಪು ಉರಿಸಿ ಚಹಾ ಮಾಡಿ ಕೊಟ್ಟಿದ್ದಳು, ಹಾಲಿಲ್ಲದ್ದು. ನಾನು ಕಹಿ ಅಂತ ಚೆಲ್ಲಿದೆ. "ನಿಮ್ಮಜ್ಜ ಹಿಂಗ ಕುಡೀತಿದ್ದ," ಅಂದಳು. ಅಷ್ಟೇ. ಅಜ್ಜಿ ಅವನ ವಿಷಯ ನನ್ನ ಹತ್ತಿರ ಆಡಿದ್ದು ಅದೊಂದು ಮಾತು. ಆ ಚಹಾ ಚೆಲ್ಲಬಾರದಿತ್ತು ಅಂತ ಇವತ್ತು ಅನಿಸಿತು.

ಬರುವಾಗ ಅವ್ವ ನಿದ್ದೆ ಹೋದಳು. ಕೆಮ್ಮು ಶುರುವಾಗಿದೆ.

ಏಪ್ರಿಲ್ 6, ಬುಧವಾರ

ಮಾರೈಕೆಯ ಪುಸ್ತಕ ಕಾಯುವ ಬದಲು ನಮ್ಮ ಪುಸ್ತಕ ನೋಡೋಣ ಅಂತ. ಹಡಗಿನಲ್ಲೇ ಸತ್ತ ಅಂತ ಏನು ಗ್ಯಾರಂಟಿ, ಇಲ್ಲೇ ಜ್ವರ ಬಂದು ಹೋಗಿರಬಹುದು. ಹಳೇ ರೆಕಾರ್ಡ್ ರೂಮಿನ ತಿಪ್ಪೇಶ್ ನನಗೆ ಹತ್ತು ವರ್ಷದ ಪರಿಚಯ. ಊಟದ ಹೊತ್ತಿನಲ್ಲಿ ಒಳಗೆ ಬಿಡುತ್ತಾನೆ.

"ಸರ್, ನೀವು ದಿನಾ ಸತ್ತೋರ್ನ ಬರೀತೀರಿ. ಊಟದ ಟೈಮಿನಾಗೂ ಅದ ಬೇಕೇನ್ರಿ?"

1916ರ ಕಟ್ಟು ನೋಡಿದೆ. ಇಲ್ಲ. ಗೆದ್ದಲು ಅರ್ಧ ಓದಿ ಮುಗಿಸಿದೆ. ಉಳಿದರ್ಧ ನನಗೆ.

ಏಪ್ರಿಲ್ 12

1917 ಮುಗಿಯಿತು. ಇಲ್ಲ. ಮೂಗಿನೊಳಗೆಲ್ಲ ಹಳೇ ಕಾಗದದ ಧೂಳು. ಒಂದು ದಿನ ಕೆಂಪು ಬಿಟ್ಟು ಬೇರೆ ಬಣ್ಣದ ಧೂಳು ಕುಡಿದದ್ದೇ ಸಂತೋಷ.

ಏಪ್ರಿಲ್ 19, ಮಂಗಳವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕಂಪ್ಲಿ, 1918. ಆ ವರ್ಷದ ದೊಡ್ಡ ಜ್ವರ. ಅಕ್ಟೋಬರಿನಿಂದ ಪುಟಗಳು ದಪ್ಪ. ಬರೆಯುವವನ ಅಕ್ಷರ ಮೊದಲು ದುಂಡಗಿತ್ತು, ಬರಬರುತ್ತ ಓಡಿದೆ. ದಿನಕ್ಕೆ ಹದಿನೈದು, ಇಪ್ಪತ್ತು. ಜ್ವರ, ಜ್ವರ, ಜ್ವರ. ಅವನ ಮೇಲೆ ಕನಿಕರ ಬಂತು.

ನವೆಂಬರ್ ಎರಡನೇ ವಾರದಲ್ಲಿ ಎರಡು ಸಾಲು.

ಗಾಳೆಮ್ಮ. ಉಚ್ಚೆಂಗಪ್ಪನ ಮಗಳು. ವಯಸ್ಸು 25. ಜ್ವರ.

ವಿರುಪಮ್ಮ. ಸದರಿ ಗಾಳೆಮ್ಮನ ಮಗಳು. ವಯಸ್ಸು 4. ಜ್ವರ. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ.

ವರದಿ ಮಾಡಿದವರು: ಉಚ್ಚೆಂಗಪ್ಪ, ಹರಿಗೋಲಿನವ. ಹೆಬ್ಬೆಟ್ಟಿನ ಗುರುತು.

ಷರಾ ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ: ಎರಡಕ್ಕೂ ನಕಲು ಕೊಟ್ಟಿದೆ. ಜನವರಿ 1919.

ಮೂರು ಸಲ ಓದಿದೆ. ಕಂಪ್ಲಿಯಲ್ಲಿ ಮನೆಗೊಬ್ಬಳು ಗಾಳೆಮ್ಮ ಇರುತ್ತಾಳೆ, ಗ್ರಾಮದೇವತೆಯ ಹೆಸರು. ಆದರೆ ಹರಿಗೋಲಿನ ಉಚ್ಚೆಂಗಪ್ಪನ ಮಗಳು ಗಾಳೆಮ್ಮ, ಅವಳಿಗೆ ನಾಲ್ಕು ವರ್ಷದ ವಿರುಪಮ್ಮ — ಇನ್ನೊಂದು ಜೋಡಿ ಎಲ್ಲಿಂದ ಬರಬೇಕು.

ಅಜ್ಜಿ ಸತ್ತದ್ದು 1958ರಲ್ಲಿ. ನಾನು ಹನ್ನೊಂದು ವರ್ಷದವನು, ನೀರು ಬಿಟ್ಟವನು ನಾನೇ. ಅವ್ವ ಇವತ್ತು ಬೆಳಿಗ್ಗೆ ರೊಟ್ಟಿ ತಟ್ಟುವುದು ಹೇಗೆಂದು ನನ್ನ ಹೆಂಡತಿಗೆ ಬುದ್ಧಿ ಹೇಳಿದ್ದಾಳೆ. ಪುಸ್ತಕದ ಪ್ರಕಾರ ನನ್ನ ಅವ್ವ ನಾನು ಹುಟ್ಟುವುದಕ್ಕೆ ಇಪ್ಪತ್ತೊಂಬತ್ತು ವರ್ಷ ಮೊದಲೇ ತೀರಿಕೊಂಡಿದ್ದಾಳೆ.

"ಯಾಕ್ ಸರ್, ಸಿಕ್ತೇನ್ರಿ?" ಅಂದ ತಿಪ್ಪೇಶ್.

"ಇಲ್ಲಪ್ಪ," ಅಂದೆ.

ಏಪ್ರಿಲ್ 20

ಉಚ್ಚೆಂಗಪ್ಪ ನಕಲು ಯಾಕೆ ತೆಗೆದುಕೊಂಡ? ಅದೇ ತಲೆಯಲ್ಲಿ. ಆ ಜ್ವರದ ವರ್ಷ ಹೆಣ ಹೊರುವುದಕ್ಕೆ ಜನ ಇರಲಿಲ್ಲ. ನಕಲು ತೆಗೆಸಲು ಚಾವಡಿಗೆ ಹೋಗುವವರು ಯಾರು. ಆ ಪುಸ್ತಕದಲ್ಲಿ ಅಷ್ಟು ಪುಟ ತಿರುವಿದರೂ ಬೇರೆ ಯಾವ ಸಾಲಿಗೂ ಆ ಷರಾ ಇಲ್ಲ. ನಕಲು ಬೇಕಾಗುವುದು ದೂರದಲ್ಲಿರುವ ಯಾರಿಗಾದರೂ ತೋರಿಸುವುದಕ್ಕೆ.

ಗೊತ್ತಾದದ್ದು ಗೊತ್ತಾಯಿತು. ಬರೆಯಲು ಧೈರ್ಯ ಇಲ್ಲ. ಆ ಕಡೆಯ ಕಾಗದ ಬರಲಿ.

ಜೂನ್ 26, ಭಾನುವಾರ

ಅಚ್ಯುತ ಫೋನ್ ಮಾಡಿದ, ಇ-ಮೇಲ್ ಬಂದಿದೆ ಅಂತ. ಹತ್ತೂವರೆ ಬಸ್ಸು ಹಿಡಿದು ಹೋದೆ. ಪ್ರಿಂಟ್ ತೆಗೆದು ಇಟ್ಟಿದ್ದ. ಮೇಲೆ ಅವರ ಭಾಷೆಯ ಕಾಗದದ ಚಿತ್ರ, ಕೆಳಗೆ ಮಾರೈಕೆಯ ಇಂಗ್ಲಿಷು. ಕನ್ನಡದಲ್ಲಿ ಇಷ್ಟು:

ಗೆರಿಟ್ ಹುಲ್ಸ್‌ಮನ್. ಭೂಮಾಪಕ, ನಿವೃತ್ತ. ವಯಸ್ಸು 65. ಜುಟ್ಫೆನ್‌ನಲ್ಲಿ ಹುಟ್ಟಿ ಜುಟ್ಫೆನ್‌ನಲ್ಲಿ ವಾಸ. 1949, ನವೆಂಬರ್ 23, ಬೆಳಿಗ್ಗೆ ಆರು ಗಂಟೆಗೆ ಮರಣ. ತಂದೆ-ತಾಯಿಯ ಹೆಸರು. ಆಮೇಲೆ — ಬ್ರಿಟಿಷ್ ಇಂಡಿಯಾದ ಕಂಪ್ಲಿಯಲ್ಲಿ ತೀರಿಕೊಂಡ ಗಾಳೆಮ್ಮ ಎಂಬವರ ವಿಧುರ.

ಅಲ್ಲಿಯೇ ನಿಂತೆ. ಅಚ್ಯುತ ನೀರು ತಂದುಕೊಟ್ಟ.

ಮಾರೈಕೆ ಕೆಳಗೆ ಬರೆದಿದ್ದಾಳೆ: ಇನ್ನೊಂದು ಮದುವೆ ಆಗಿದ್ದರೆ ಆ ಹೆಸರೇ ಇರುತ್ತಿತ್ತು, ಇಲ್ಲ. ಮಕ್ಕಳು ಕಾಣುವುದಿಲ್ಲ. ಜಾವಾದಿಂದ 1920ರಲ್ಲಿ ವಾಪಸು ಬಂದದ್ದು ಊರಿನ ಪಟ್ಟಿಯಲ್ಲಿದೆ, ಒಬ್ಬನೇ. ಸಾವನ್ನು ಬಂದು ಹೇಳಿದವನು ಪಕ್ಕದ ಮನೆಯ ಬ್ರೆಡ್ ಸುಡುವವನು.

ಅಂದರೆ ಆ ಬ್ರೆಡ್ಡಿನವನಿಗೆ ನನ್ನ ಅಜ್ಜಿಯ ಹೆಸರು ಗೊತ್ತಿತ್ತು. ಊರ ಹೆಸರೂ ಗೊತ್ತಿತ್ತು. ಮೂವತ್ತು ವರ್ಷ ದೊರೆ ನೆರೆಯವರ ಮುಂದೆ ಅವಳ ಹೆಸರು ಹೇಳಿಕೊಂಡು ಬದುಕಿದ್ದಾನೆ. ಇಲ್ಲಿ ಇವಳು ಮೂವತ್ತು ವರ್ಷ, ಬದುಕಿದ್ದವನಿಗೆ ಎಡೆ ಹಾಕಿದ್ದಾಳೆ. ಅವನು ನಿಜವಾಗಿ ಹೋದಾಗ ನನಗೆ ಎರಡು ವರ್ಷ. ಅಜ್ಜಿ ಆ ದಿನ ಏನು ಮಾಡುತ್ತಿದ್ದಳೋ. ನನ್ನನ್ನು ಎತ್ತಿಕೊಂಡು ಹೊಳೆ ದಂಡೆಯಲ್ಲಿ ಕಬ್ಬು ಸುಲಿದು ತಿನ್ನಿಸುತ್ತಿದ್ದಳೇನೋ.

ಬಸ್ಸಿನಲ್ಲಿ ಅತ್ತೆ. ಕಮಲಾಪುರ ದಾಟುವ ತನಕ. ಪಕ್ಕದವನು ಧೂಳಿಗೆ ಹೀಗೇ ಅಂತ ತನ್ನ ಟವೆಲ್ ಕೊಟ್ಟ.

ಜೂನ್ 29

ಹೇಳಲೋ ಬೇಡವೋ.

ಬಿಟ್ಟು ಹೋಗಲಿಲ್ಲ ಅಂತ ಹೇಳಬೇಕೆಂದರೆ ಬದುಕಿದ್ದವರನ್ನು ಪುಸ್ತಕದಲ್ಲಿ ಸಾಯಿಸಿ ನಕಲನ್ನು ಜಾವಾಕ್ಕೆ ಕಳಿಸಿದವರು ಯಾರು ಅಂತಲೂ ಹೇಳಬೇಕು. ಅವ್ವನಿಗೆ ಅಪ್ಪ ಅಂತ ಇದ್ದವನು ಆ ಉಚ್ಚೆಂಗಪ್ಪನೇ. ಅವನ ಹೆಗಲ ಮೇಲೆ ಬೆಳೆದವಳು. ಈಗಲೂ ಹೊಳೆ ಕಂಡರೆ ಅಜ್ಜ ಅಂತಾಳೆ. ಒಬ್ಬನನ್ನು ಕೊಟ್ಟು ಇನ್ನೊಬ್ಬನನ್ನು ಕಿತ್ತುಕೊಳ್ಳಬೇಕು, ತೊಂಬತ್ತೊಂದನೇ ವಯಸ್ಸಿನಲ್ಲಿ.

ಜಂಬಮ್ಮನಿಗೆ ಹೇಳಿದೆ. ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಆಕಿ ಕೇಳ್ಯಾಳಲ್ರಿ. ಕೇಳಿದ್ದಕ್ಕ ಹೇಳ್ರಿ. ನಿಮ್ಮನ್ನ ಕೇಳ್ದ ಮ್ಯಾಲ ನೀವ್ಯಾರು ಮುಚ್ಚಿಡಾಕ?"

ಜುಲೈ 3, ಭಾನುವಾರ

ಹೇಳಿದೆ.

ಬೆಳಿಗ್ಗೆ ಅವ್ವ ಬಿಸಿಲಿಗೆ ಕೂತಿದ್ದಳು. ಮೊದಲು ಕಂಪ್ಲಿಯ ಪುಸ್ತಕದ ಸಂಗತಿ. ತಾನು 1918ರಲ್ಲೇ ಸತ್ತದ್ದು ಕೇಳಿ ನಕ್ಕಳು. ಕೆಮ್ಮು ಬರುವಷ್ಟು.

"ಅದಕ್ಕ ನೋಡು ಯಮ ನನ್ನ ಕಡಿ ಬರವಲ್ಲ. ಅವ್ನ ಬುಕ್ಕಿನಾಗ ಟಿಕ್ ಹಾಕಿ ಬಿಟ್ಟಾನ."

ಆಮೇಲೆ ಕಾಗದ ಓದಿದೆ. ನಿಧಾನಕ್ಕೆ. ವಿಧುರ ಅನ್ನುವ ಮಾತನ್ನು ಬಿಡಿಸಿ ಹೇಳಿದೆ — ಹೆಂಡತಿ ಸತ್ತವನು, ಮತ್ತೆ ಆಗದೆ ಇದ್ದವನು.

ನಗು ನಿಂತಿತು. ಹಿತ್ತಾಳೆ ಗುಂಡು ಕೈಯಲ್ಲಿತ್ತು. ಅದನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ.

"ಇನ್ನೊಂದು ಆಗ್ಲಿಲ್ಲೇನು?"

"ಇಲ್ಲ."

"ನಂಗ ಎಷ್ಟಿತ್ತು ಆಗ, ಅವ್ನು ಹೋದಾಗ?"

"ಮೂವತ್ತೈದು."

"ನೀ ಹುಟ್ಟಿದ್ದಿ."

"ಹುಟ್ಟಿದ್ದೆ."

ಆಮೇಲೆ ತಾನಾಗಿಯೇ ಶುರು ಮಾಡಿದಳು. ನಾನು ಕೇಳುವ ಮೊದಲೇ ಎಲ್ಲ ಜೋಡಿಸಿಕೊಂಡುಬಿಟ್ಟಿದ್ದಳು.

"ಹಡಗಿನ ಟಿಕೀಟು ಬಂದಿತ್ತಂತ. ಅವ್ವ ಹೇಳ್ತಿದ್ಲು. ನಂದೂ ಸೇರಿ, ಎಲ್ಡು. ಕಾಗದ ಓದ್ಸಾಕ ಚಾವಡಿಗೆ ಅಜ್ಜನ ಒಯ್ತಿದ್ದ. ಅವ್ನು ಬಂದು ಹೇಳಿದ್ದ ಖರೆ ನಮಗ. ಆಮ್ಯಾಲ ಒಂದಿನ ರುಮಾಲು ಕೈಯಾಗ ಹಿಡ್ಕೊಂಡು ಬಂದ. ದೊರಿ ಹಡಗಿನಾಗ ತೀರ್ಕೊಂಡ ಅಂದ. ಅವ್ವನ ಕೈಬಳಿ ಒಡದ್ರು. ನಂಗ ಆ ಸಪ್ಪಳ ನೆನಪೈತಿ. ಅಜ್ಜ ನನ್ನ ಎತ್ಕೊಂಡು ಹೊಳಿಗೆ ಹೋದ. ಹರಿಗೋಲಿನಾಗ ಕುಂದ್ರಿಸಿಕೊಂಡು ಅತ್ತ. ದೊರಿ ಸತ್ತಿದ್ದಕ್ಕ ಅಳ್ತಾನ ಅಂದ್ಕೊಂಡಿದ್ದೆ."

"ನಿಮ್ಮನ್ನ ಕಳಸಾಕ ಆಗ್ಲಿಲ್ಲ ಅವ್ವ, ಅವನಿಗೆ," ಅಂದೆ. ಸಮಾಧಾನ ಹೇಳಬೇಕಿತ್ತು.

"ಕಳಸ್ಬ್ಯಾಡ. ಹೋಗಬ್ಯಾಡ್ರಿ ಅನ್ನಬೇಕಿತ್ತು. ನಮ್ಮವ್ವ ಹೋಗ್ತಿದ್ಲೋ ಇಲ್ಲೋ. ಆಕೀನ ಸಾಯಿಸಿ ಕುಂದ್ರಿಸೋದು ಏನಿತ್ತು?"

ಮುತ್ತಜ್ಜನ ಮೇಲೆ ನನಗೆ ಸಿಟ್ಟು ಬಂದಿದೆ. ಅವನ ಹೆಬ್ಬೆಟ್ಟಿನ ಗುರುತು ಕಣ್ಣ ಮುಂದೆ ಬರುತ್ತದೆ, ಪುಸ್ತಕದ ಮೇಲೆ ಒತ್ತಿದ ಜಾಗದಲ್ಲಿ ಶಾಯಿ ಹರಡಿದೆ. ಸಿಟ್ಟು ಅಲ್ಲಿಗೆ ಬಂದು ಸ್ವಲ್ಪ ಇಳಿಯುತ್ತದೆ. ಮತ್ತೆ ಏರುತ್ತದೆ.

ಅವ್ವ ಮಧ್ಯಾಹ್ನ ಉಂಡಳು. ಅಡಿಕೆ ಮಾತ್ರ ಕುಟ್ಟಿಕೊಳ್ಳಲಿಲ್ಲ. ಗುಂಡನ್ನು ತೊಳೆದು ದೇವರ ಮನೆಯಲ್ಲಿಟ್ಟಳು. ನಾಳೆ ಬೇರೆ ಕುಟ್ಟಾಣಿ ತರಬೇಕು.

ಜುಲೈ 30, ಶನಿವಾರ

ಶಾಲು, ಹಾರ, ಒಂದು ಗೋಡೆ ಗಡಿಯಾರ. ಭಾಷಣದಲ್ಲಿ ನನ್ನ ಸೇವೆಯನ್ನು ಅಮರ ಅಂದರು, ಮರಣದ ಟೇಬಲ್ಲಿನವನದ್ದನ್ನು. ಕೊನೆಯ ನಮೂದು: ಗಂಡಸು, 47, ಲಾರಿ. ಅಕ್ಷರ ದುಂಡಗೆ ಬರೆದೆ. ಹೊಸದಾಗಿ ಬಂದ ಹುಡುಗಿ ಅಪೇಕ್ಷಾಗೆ ಬೀಗದ ಕೈ ಕೊಟ್ಟೆ.

ಕಂಪ್ಲಿಯ ಆ ಎರಡು ಸಾಲನ್ನು ಹೊಡೆದುಹಾಕಿಸಬಹುದೇ ಅಂತ ಒಮ್ಮೆ ಯೋಚಿಸಿದ್ದೆ. ಅರ್ಜಿ ಕೊಡಬೇಕು, ಸತ್ತವರು ಖುದ್ದು ಹಾಜರಾಗಬೇಕು. ಅವ್ವ ಬೇಡ ಅಂದಳು. "ಇರ್ಲಿ ಬಿಡು. ಅಜ್ಜನ ಹೆಬ್ಬಟ್ಟು ಅಷ್ಟ ಉಳಿದೈತಿ ಎಲ್ಲಾರ."

ಅಕ್ಟೋಬರ್ 3, ಸೋಮವಾರ. ಮಹಾಲಯ ಅಮಾವಾಸ್ಯೆ

ಸಂಜೆ ಗ್ರಹಣವಂತೆ. ಅದರೊಳಗೆ ಎಡೆ ಮುಗಿಯಬೇಕು ಅಂತ ಜಂಬಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ. ಹೋಳಿಗೆ, ಕರ್ಚಿಕಾಯಿ, ಪಾಯಸ, ಒಗ್ಗರಣೆ. ಹಾಲಿಲ್ಲದ ಚಹಾ.

ಅವ್ವ ಈಗ ನಡೆಯುವುದಿಲ್ಲ. ಕುರ್ಚಿ ಎತ್ತಿ ದೇವರ ಮನೆಯ ಬಾಗಿಲಲ್ಲಿ ಇಟ್ಟೆವು. ನನ್ನ ಅಪ್ಪನ ಎಲೆ ಹಾಕಿಸಿದಳು. ಅಜ್ಜಿಯ ಎಲೆ. ಜಂಬಮ್ಮ ದೊರೆಯ ಎಲೆ ಹಿಡಿದು ರೂಢಿಯಂತೆ ಹಿತ್ತಲ ಕಡೆ ಹೊರಟಳು.

"ಎಲ್ಲಿಗೆ? ಇಲ್ಲಿ ತಾ. ಅವ್ವನ ಬಾಜೂಕ ಹಾಕು."

ಹಾಕಿದಳು. ಎರಡು ಎಲೆಯ ಅಂಚು ಒಂದರ ಮೇಲೊಂದು ಬಂತು. ಅವ್ವ ಸರಿಸಲು ಹೇಳಲಿಲ್ಲ. ಎಂಬತ್ತಾರು ವರ್ಷ ಆ ಮೆಟ್ಟಿಲ ಮೇಲೆ ಕೂತು ಉಂಡವನು ಇವತ್ತು ಒಳಗೆ ಬಂದ. ಚಹಾ ನಾನೇ ಇಟ್ಟೆ. ಚೆಲ್ಲದ ಹಾಗೆ.

ಉಳಿದದ್ದು ಒಂದೆಲೆ. ಜಂಬಮ್ಮ ಅದನ್ನು ಹಿಡಿದುಕೊಂಡೇ ನಿಂತಳು.

"ಅತ್ತಿ, ಉಚ್ಚೆಂಗಜ್ಜಂದು?"

ಒಲೆಯ ಮೇಲೆ ಏನೋ ಹೊತ್ತಿದ ವಾಸನೆ ಬಂತು, ಯಾರೂ ಹೋಗಲಿಲ್ಲ.

"ಹಾಕು," ಅಂದಳು. "ಉಪವಾಸ ಇಡಾಕ ಬರ್ತದೇನು. ನನ್ನ ಹೊತ್ತು ತಿರುಗ್ಯಾನ."

ಜಂಬಮ್ಮ ಬಗ್ಗಿದಳು.

"ಇಲ್ಲಲ್ಲ. ಹೊರಗ. ಮೆಟ್ಟಿಲ ಮ್ಯಾಲ."

ಹಾಕಿ ಬಂದಳು. ಅವ್ವ ಹಿತ್ತಲ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಕಾಗೆ ಬಂತು ಅಂತ ಹೇಳುವವರೆಗೂ.

"ಈ ವರ್ಷ ಅಷ್ಟ," ಅಂದಳು. "ಬರೋ ವರ್ಷ ಒಳಗ ಕರ್ಕೊಳ್ಳೋಣಂತ."

ಫೆಬ್ರವರಿ 9, 2006. ಗುರುವಾರ

ನಾಲ್ಕು ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ, ಕೆಮ್ಮು ಒಂದು ಬಿಟ್ಟು.

ಸೋಮವಾರ ಬೆಳಿಗ್ಗೆ ಆಯಿತು. ಬಿಸಿಲಿಗೆ ಕೂರಿಸು ಅಂದಳು. ಕೂರಿಸಿದೆ. ಕುರ್ಚಿಯಲ್ಲೇ ಹೋದಳು.

ಹಿಂದಿನ ವಾರ ಒಂದು ಮಾತು ಹೇಳಿದ್ದಳು. "ಮೊದಲ್ನೇ ಸಲ ಸತ್ತಾಗ ಅಪ್ಪನ ಹೆಸರಿನ ಜಾಗದಾಗ ಗೆರಿ ಎಳದಾರ ಅಂದಿಯಲ್ಲ. ಈ ಸಲ ಹಂಗ ಮಾಡಬ್ಯಾಡ." ಆಗ ಬೈದಿದ್ದೆ, ಸಾಯುವ ಮಾತು ಯಾಕೆ ಅಂತ. ಮೂವತ್ತೊಂದು ವರ್ಷ ಆ ಟೇಬಲ್ಲಿನಲ್ಲಿ ಕೂತವನು ಹಾಗೆ ಬೈಯಬಾರದಿತ್ತು.

ಮುತ್ತಜ್ಜನನ್ನು ಒಳಗೆ ಕರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ಸೆಪ್ಟೆಂಬರ್‌ವರೆಗೂ ಟೈಮ್ ಇದೆ. ಅಷ್ಟರಲ್ಲಿ ನನ್ನ ಸಿಟ್ಟೂ ಇಳಿಯುತ್ತದೆ ಅನ್ನಿಸುತ್ತದೆ. ಅವ್ವ ಕರೆದುಕೊಳ್ಳೋಣ ಅಂದ ಮೇಲೆ ನನ್ನದೇನು.

ಇವತ್ತು ಆಫೀಸಿಗೆ ಹೋದೆ. ಟೇಬಲ್ಲಿನ ಈ ಕಡೆ ನಿಂತದ್ದು ಇದೇ ಮೊದಲು. ಟೇಬಲ್ ಕೆಂಪು. ಒರೆಸಬೇಕು ಅಂತ ಕೈ ಹೋಯಿತು, ಹಿಂದೆ ತಗೊಂಡೆ. ಅಪೇಕ್ಷಾ ಎದ್ದು ನಿಂತಳು. "ಕುಂದ್ರಿ ಸರ್," ಅಂದಳು. ಕೂರಲಿಲ್ಲ. ಕೇಳಿದ್ದಕ್ಕೆಲ್ಲ ಹೇಳಿದೆ. ಹೆಸರು, ವಿರುಪಮ್ಮ. ಹೆಣ್ಣು. ತೊಂಬತ್ತೊಂದು. ಕಾರಣ, ವಯಸ್ಸು ಅಂತ ಬರಿ. ವರದಿ ಮಾಡುವವರು, ಮಗ.

"ತಂದಿ ಹೆಸರು ಹೇಳ್ರಿ ಸರ್. ಗೊತ್ತಿಲ್ಲಂದ್ರ ಗೆರಿ ಎಳೀತೀನ್ರಿ, ಹಳೇ ಮಂದೀದು ಭಾಳ ಹಂಗ ಇರ್ತಾವ."

"ಗೊತ್ತೈತಮ್ಮ," ಅಂದೆ. "ಪೆನ್ ಇಲ್ಲಿ ಕೊಡು."

ಕೊಟ್ಟಳು. ಕನ್ನಡಕ ಒರೆಸಿಕೊಂಡೆ. ಜಾಗ ಸಣ್ಣದು, ಹೆಸರು ಉದ್ದ. ದುಂಡಗೆ ಶುರು ಮಾಡಿದೆ — ಗೆರಿಟ್